ಚೀನಾದಿಂದ ಮೆಷಿನ್ ತರಿಸಲು ನಾವಾ ಶೇವಾ, ಕೊಚ್ಚಿ, ಇಲ್ಲಾ ವಿಮಾನ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೊಚ್ಚಿಗೆ.

ಪಡುಬಿದ್ರಿ ಹತ್ತಿರ ನಮ್ಮದೊಂದು ಸಣ್ಣ ತೆಂಗಿನೆಣ್ಣೆ ಮಿಲ್. ಚೀನಾದಿಂದ ಮೂರು ಮೆಷಿನ್ ತರಿಸಿದೆ. ಬಾಟಲಿಗೆ ಎಣ್ಣೆ ತುಂಬುವುದು ಮುಂಬೈ ಪಕ್ಕದ ನಾವಾ ಶೇವಾ ಬಂದರಿಗೆ, ಲೇಬಲ್ ಅಂಟಿಸುವುದು ವಿಮಾನದಲ್ಲಿ ಬೆಂಗಳೂರಿಗೆ, ಮುಚ್ಚಳ ಬಿಗಿಯುವುದು ಕೊಚ್ಚಿಗೆ. "ಮಂಗಳೂರಿನ ಪಣಂಬೂರು ಬಂದರು ಇಷ್ಟು ಹತ್ತಿರ ಇದೆ, ಅಲ್ಲಿಗೇ ತರಿಸಬಹುದಿತ್ತಲ್ವಾ ಮಾರಾಯ್ರೆ?" ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಅಲ್ಲಿಗೆ ಕಂಟೇನರ್ ಬರುತ್ತದೆ, ಆಫ್ರಿಕಾದ ಗೇರುಬೀಜ ಇಳಿಯುವುದೇ ಹಾಗೆ. ಆದರೆ ಅವರು ಇಡೀ ಕಂಟೇನರ್ ತರಿಸುವವರು. 20 ಅಡಿಯದ್ದರಲ್ಲಿ ಸುಮಾರು 28 ಕ್ಯೂಬಿಕ್ ಮೀಟರ್ ಸರಕು ಹಿಡಿಯುತ್ತದೆ, ನನ್ನದು ಬರೀ ಎರಡು. ಹತ್ತಾರು ಜನರ ಸರಕು ಸೇರಿಸಿ ಕಳಿಸುವ ಕಂಟೇನರ್ ಮಂಗಳೂರಿಗೆ ನನಗೆ ಸಿಗಲಿಲ್ಲ.

ನಾವಾ ಶೇವಾಕ್ಕೆ ತರಿಸಿದ್ದು 2024ರ ಜೂನ್‌ನಲ್ಲಿ. ಕೆಂಪು ಸಮುದ್ರದ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋಗುತ್ತಿದ್ದ ಕಾಲ. ಚೀನಾದಿಂದ ಬರುವ ಪೆಟ್ಟಿಗೆಗೆ ಅದರಿಂದ ಏನು ಅಂದುಕೊಂಡಿದ್ದೆ. ಸುತ್ತು ಹೊಡೆದ ಹಡಗುಗಳೆಲ್ಲ ವೇಳೆ ತಪ್ಪಿ ಒಟ್ಟೊಟ್ಟಿಗೆ ಸಿಂಗಾಪುರಕ್ಕೆ ಬಂದು, ಅಲ್ಲಿ ಜಾಗವೇ ಇರಲಿಲ್ಲ. ನನ್ನ ಸರಕು ಅಲ್ಲೇ ಹಡಗು ಬದಲಾಯಿಸಬೇಕಿತ್ತು. ಹದಿನೆಂಟು ದಿನ ಕೂತಿತು.

ಅದನ್ನಾದರೂ ಸಹಿಸಬಹುದು. ನಿಜವಾದ ತಲೆನೋವು ಎರಡು ಮರದ ಪಟ್ಟಿ.

ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಏಜೆಂಟ್ ನಮ್ಮ ಕಡೆಯವರೇ, ಮುಂಬೈಯಲ್ಲಿ ನೆಲೆಸಿದವರು. ಒಂದು ಮಧ್ಯಾಹ್ನ ಫೋನ್ ಮಾಡಿ, "ಅಣ್ಣಾ, ಪೆಟ್ಟಿಗೆಯ ಕಾಲಿಗೆ ಸೀಲ್ ಇಲ್ಲ" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಫೋಟೋ ಕಳಿಸಿದರು. ಪೆಟ್ಟಿಗೆ ಪೂರ್ತಿ ಪ್ಲೈವುಡ್. ಅಡಿಯಲ್ಲಿ ಫೋರ್ಕ್‌ಲಿಫ್ಟ್ ತೂರಲು ಹೊಡೆದ ಎರಡು ಪಟ್ಟಿ ಮಾತ್ರ ಹಸಿ ಪೈನ್ ಮರ, ಒಂದರಲ್ಲಿ ತೊಗಟೆ ಕೂಡ ಹಾಗೇ ಇತ್ತು. ಹೊರದೇಶದ ಮರದ ಜೊತೆ ಹುಳ ಬರಬಾರದು ಅಂತ ನಿಯಮ. ಮರವನ್ನು ಒಳಗಿನವರೆಗೂ 56 ಡಿಗ್ರಿಗೆ 30 ನಿಮಿಷ ಕಾಯಿಸಬೇಕು, ಇಲ್ಲವೇ ಮದ್ದಿನ ಹೊಗೆ ಹಾಕಿರಬೇಕು. ಆಮೇಲೆ ಗೋಧಿ ತೆನೆಯ ಚಿತ್ರದ ಮುದ್ರೆ ಒತ್ತಬೇಕು. ಕಾಯಿಸಿದ್ದಕ್ಕೆ 'ಎಚ್‌ಟಿ' ಅಂತ ಇರುತ್ತದೆ. ಪ್ಲೈವುಡ್‌ಗೆ ಇದ್ಯಾವುದೂ ಬೇಡ, ತಯಾರಿಸುವಾಗಲೇ ಬೆಂದಿರುತ್ತದೆ.

ಹಾಗಾಗಿ ನಾಲ್ಕು ಲಕ್ಷದ ಮೆಷಿನ್, ನೂರು ರೂಪಾಯಿಯ ಮರಕ್ಕಾಗಿ ಗೋದಾಮಿನಲ್ಲಿ ಸಿಕ್ಕಿಬಿತ್ತು. ಸಸ್ಯ ಕ್ವಾರಂಟೈನ್‌ನವರು ನೋಡಬೇಕು, ಹೊಗೆ ಹಾಕಿಸಬೇಕು, ಚೀಟಿ ಬರಬೇಕು. ಬಾಡಿಗೆಯಿಲ್ಲದ ದಿನಗಳು ಮುಗಿದ ಮೇಲೆ ಗೋದಾಮಿನ ಮೀಟರ್ ಆಟೋದ ಹಾಗೆ ಓಡುತ್ತದೆ. ಹನ್ನೊಂದು ದಿನ, ಹೆಚ್ಚುವರಿ ಇಪ್ಪತ್ತಾರು ಸಾವಿರ. ಮಾರಿದವನನ್ನು ಕೇಳಿದರೆ ನಗುವ ಇಮೋಜಿ ಕಳಿಸಿದ.

ವಿಮಾನ ಬೇಗ, ಒಂಬತ್ತನೇ ದಿನ ಮೆಷಿನ್ ಮಿಲ್‌ನಲ್ಲಿತ್ತು. ಆದರೆ ಅಲ್ಲಿ ತೂಕ ಅಂದರೆ ತೂಕವಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರೆ. 120, 80, 80 ಸೆಂಟಿಮೀಟರಿನ ಪೆಟ್ಟಿಗೆ ಗುಣಿಸಿ 6000ದಿಂದ ಭಾಗಿಸಿದರು, 128 ಕಿಲೋ ಬಂತು. ತಕ್ಕಡಿಯಲ್ಲಿ ಅದು 60 ಕಿಲೋ! ಬಾಡಿಗೆ 128ಕ್ಕೆ.

ಸುಂಕದ ದರ ಮೂರು ಕಡೆಯೂ ಒಂದೇ, ಅದರಲ್ಲಿ ಲಾಭ ಹುಡುಕಬೇಡಿ.

ಕೊಚ್ಚಿಯ ಮೆಷಿನ್ ಕೊಲಂಬೊ ಮಾರ್ಗವಾಗಿ ಬಂತು. ಹಡಗು ಮುಟ್ಟುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಸರಕಿನ ವಿವರಪತ್ರ, ಹಾಕಿಸಿದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ 10,000 ದಂಡ. ಅಲ್ಲಿನ ಏಜೆಂಟ್ ಮಲಯಾಳ, ನಾನು ತುಳು ಬೆರೆಸಿದ ಹಿಂದಿ. ಹೇಗೋ ನಡೆಯಿತು. ಎರಡೂ ಬಂದರಿನಿಂದ ನಮ್ಮಲ್ಲಿಗೆ ಹೆದ್ದಾರಿ 66ರಲ್ಲೇ ಬರಬಹುದು, ಆದರೆ ಮುಂಬೈ ದಾರಿ ಹೆಚ್ಚುಕಡಿಮೆ ಎರಡು ಪಟ್ಟು. ಲಾರಿ ಬಾಡಿಗೆಯಲ್ಲೇ ಸಾಕಷ್ಟು ಉಳಿಯಿತು.

ನನಗೆ ಇನ್ನೊಂದು ಚಾಳಿ, ಸರಕನ್ನು ಎದುರು ನಿಂತು ನೋಡದೆ ಸಮಾಧಾನ ಇಲ್ಲ. ಸಂಜೆ ಮಂಗಳೂರಲ್ಲಿ ರೈಲು ಹತ್ತಿದರೆ ಬೆಳಗಿನ ಜಾವ ಎರ್ನಾಕುಳಂ, ಅಂದರೆ ಕೊಚ್ಚಿಯೇ. ಮುಂಬೈಗೆ ಅಷ್ಟು ಸುಲಭದಲ್ಲಿ ಹೋಗಿ ಬರಲು ಆಗುತ್ತದಾ? ನಿಮಗೆ ಅಂಥ ಚಾಳಿ ಇಲ್ಲದಿದ್ದರೆ, ಮುಂಬೈಯಲ್ಲಿ ಭಾವನೋ ಅಣ್ಣನೋ ಇದ್ದರೆ, ನಾವಾ ಶೇವಾಕ್ಕೆ ಹಡಗು ಜಾಸ್ತಿ, ಅಲ್ಲಿಗೇ ತರಿಸಿ. ಹಬ್ಬದ ಮೊದಲು ಮೆಷಿನ್ ಬೇಕೇ ಬೇಕು ಅಂದರೆ ಮಾತ್ರ ವಿಮಾನ.

ಕೊಚ್ಚಿಗೆ ಕಳಿಸುವ ಮೊದಲು ಮಾರುವವನಿಂದ ಪೆಟ್ಟಿಗೆಯ ಅಡಿಯ ಫೋಟೋ ತರಿಸಿಕೊಂಡೆ. ಕಾಲಿಗೂ ಪ್ಲೈವುಡ್ಡೇ ಹಾಕಿದ್ದ. ಆದರೂ ಗೋಧಿ ತೆನೆ ಎಲ್ಲಾದರೂ ಇದೆಯಾ ಅಂತ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.