'ಕ್ಯಾಕ್ಟಸ್' ಅಂದುಕೊಂಡು ಕತ್ತರಿಸಿದೆ, ಹಾಲು ಕಣ್ಣಿಗೆ ಹೋಯಿತು

ನಿಮ್ಮ ಮನೆಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆದ ಗಿಡ ಇದೆಯಾ? ಕಾಂಡಕ್ಕೆ ಮೂರು ಅಂಚು, ಅಂಚಿನುದ್ದಕ್ಕೂ ಮುಳ್ಳು, ಮುಳ್ಳಿನ ಪಕ್ಕದಲ್ಲೇ ಪುಟ್ಟ ಪುಟ್ಟ ಎಲೆ? ಇದ್ದರೆ ಅದಕ್ಕೆ ಚಾಕು ಹಾಕುವ ಮುಂಚೆ ಇದನ್ನು ಓದಿಬಿಡಿ. ನನಗೆ ಯಾರೂ ಹೇಳಿರಲಿಲ್ಲ. ಹತ್ತು ದಿನ ಬಲಗಣ್ಣು ಮಂಜಾಗಿತ್ತು.

ಮುಳ್ಳಿನ ಗಿಡಗಳನ್ನು ಬೆಳೆಸಲು ಶುರು ಮಾಡಿ ಆಗ ಎರಡು ವರ್ಷ ಆಗಿತ್ತು. ನೀರು ಹಾಕಿ ಹಾಕಿ ಬೇರು ಕೊಳೆಸುವ ಹಂತ ದಾಟಿದ್ದೆ. ತೂತಿಲ್ಲದ ಕುಂಡದಲ್ಲಿ ನೆಟ್ಟು ಕಳೆದುಕೊಂಡಿದ್ದಾಗಿತ್ತು. ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗಿಟ್ಟು ಮೈಯೆಲ್ಲ ಕಂದು ಕಲೆ ಮಾಡಿದ್ದೂ ಆಗಿತ್ತು. ಇಷ್ಟೆಲ್ಲ ಕಲಿತ ಮೇಲೆ ಧೈರ್ಯ ಸ್ವಲ್ಪ ಜಾಸ್ತಿಯೇ ಬಂದಿತ್ತು ಅನ್ನಿ.

ಈ ಗಿಡ ತಂದಾಗ ಕುಂಡದಲ್ಲಿ ಚುಚ್ಚಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ಪದ: 'ಕ್ಯಾಕ್ಟಸ್'. ನಾನೂ ನಂಬಿದೆ. ಮುಳ್ಳಿದೆ, ದಪ್ಪ ಕಾಂಡ ಇದೆ, ನೀರು ಕಮ್ಮಿ ಸಾಕು. ಇನ್ನೇನು ಬೇಕು?

ಬೆಳಕು ಸಾಲದ ಕಿಟಕಿಯ ಪಕ್ಕ ಇಟ್ಟಿದ್ದು ನನ್ನ ತಪ್ಪು. ಬೆಳಕು ಹುಡುಕಿಕೊಂಡು ಅದು ಒಂದೇ ಕಡೆಗೆ ಉದ್ದುದ್ದ ಹೋಯಿತು. ಬುಡ ದಪ್ಪ, ತುದಿ ಸಣಕಲು. ಹೀಗೆ ಸಣಕಲಾದ ಭಾಗವನ್ನು ಆಮೇಲೆ ಎಷ್ಟು ಬೆಳಕಿಗಿಟ್ಟರೂ ಅದು ಮೊದಲಿನಂತೆ ಆಗುವುದಿಲ್ಲ. ಕೊನೆಗೆ ಕುಂಡವೇ ವಾಲತೊಡಗಿತು. ತುದಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟರೆ ವಾಲುವುದೂ ತಪ್ಪುತ್ತದೆ, ಒಂದಕ್ಕೆ ಎರಡು ಗಿಡವೂ ಆಗುತ್ತದೆ ಅಂತ ಲೆಕ್ಕ ಹಾಕಿದೆ. ಆ ಲೆಕ್ಕವೇನೋ ಸರಿಯೇ ಇತ್ತು.

ಅದಕ್ಕೂ ಮುಂಚೆ ಬೇರೆ ಕ್ಯಾಕ್ಟಸ್‌ಗಳನ್ನು ಕತ್ತರಿಸಿದ್ದೆ. ಸೌತೆಕಾಯಿ ಕತ್ತರಿಸಿದ ಹಾಗೆ ಒಳಗೆಲ್ಲ ನೀರು ನೀರು, ಅಷ್ಟೇ. ಮುಳ್ಳು ಚುಚ್ಚದಿದ್ದರೆ ಸಾಕು ಅಂತ ಗಿಡವನ್ನು ಹಳೆ ಬಟ್ಟೆಯಲ್ಲಿ ಹಿಡಿದು, ಅಡುಗೆಮನೆಯ ಚಾಕುವಿನಲ್ಲಿ ಕುಯ್ದೆ. ಬಿಳೀ ಹಾಲು ಸುರಿಯತೊಡಗಿತು. ಹನಿ ಹನಿಯಾಗಿ ಅಲ್ಲ, ಧಾರೆಯಾಗಿ. ಕತ್ತರಿಸಿದ ತುಂಡಿನಿಂದಲೂ, ಬುಡದಿಂದಲೂ. ಗಾಬರಿಗೆ ಬರಿಗೈಯಲ್ಲೇ ಒತ್ತಿ ಹಿಡಿದೆ, ಗಾಯಕ್ಕೆ ರಕ್ತ ನಿಲ್ಲಿಸುವ ಹಾಗೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಆಮೇಲೆ ನಲ್ಲಿ ನೀರಲ್ಲಿ ಕೈ ತೊಳೆದೆ. ಸೋಪು ಹಾಕಲಿಲ್ಲ. ಈ ಹಾಲು ಬರೀ ನೀರಿಗೆ ಹೋಗುವುದಿಲ್ಲ. ರಬ್ಬರಿನ ಹಾಗೆ ಬೆರಳಿಗೆ ಅಂಟಿಕೊಂಡೇ ಇರುತ್ತದೆ. ಅಂಟಂಟು ಅನಿಸಿದರೂ ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಹಣೆಯ ಬೆವರು ಕಣ್ಣಿಗೆ ಇಳಿಯಿತು. ಬೆರಳಿಂದ ಒಮ್ಮೆ ಉಜ್ಜಿಕೊಂಡೆ.

ಮೊದಲಿಗೆ ಅಂಥ ಉರಿಯೇನೂ ಇರಲಿಲ್ಲ. ಬೆವರೇ ಇರಬೇಕು ಅಂದುಕೊಂಡು ಒಂದೆರಡು ಸಲ ನೀರು ಚಿಮುಕಿಸಿಕೊಂಡು ಸುಮ್ನಾದೆ. ಕೆಟ್ಟದ್ದು ಇಲ್ಲೇ. ತಕ್ಷಣ ಜೋರಾಗಿ ಉರಿದಿದ್ದರೆ ಸರಿಯಾಗಿ ತೊಳೆಯುತ್ತಿದ್ದೆನೋ ಏನೋ. ಒಂದು ಗಂಟೆಯ ನಂತರ ಕಣ್ಣಿಗೆ ಮರಳು ಬಿದ್ದ ಹಾಗಾಯಿತು. ಸಂಜೆಗೆ ದೀಪ ನೋಡಲು ಆಗುತ್ತಿರಲಿಲ್ಲ. ರಾತ್ರಿ ರೆಪ್ಪೆ ಊದಿ, ನೀರು ಸುರಿದು, ಕಣ್ಣು ಬಿಡುವುದೇ ಕಷ್ಟವಾಯಿತು. ಮನೆಯಲ್ಲಿ ಯಾವತ್ತೋ ಉಳಿದಿದ್ದ ಕಣ್ಣಿನ ಡ್ರಾಪ್ಸ್ ಸಿಕ್ಕಿತು. ಹಾಕಿಕೊಂಡೆ. ಮುಖ ಒರೆಸಿಕೊಂಡ ಟವೆಲ್ಲಿನಲ್ಲೂ ಅದೇ ಹಾಲಿನ ಅಂಶ ಇತ್ತು ಅಂತ ಕಾಣುತ್ತದೆ, ನಡುರಾತ್ರಿಗೆ ಎಡಗಣ್ಣೂ ಕೆಂಪಾಯಿತು. ಬೆಳಿಗ್ಗೆ ಬಲಗಣ್ಣಿಗೆ ಕೈಯ ಬೆರಳು ಕೂಡ ಸರಿಯಾಗಿ ಕಾಣಿಸಲಿಲ್ಲ. ಹೆದರಿದ್ದು ಆವಾಗ.

ಡಾಕ್ಟರ್ ಕೇಳಿದರು, ಏನಾಯಿತು ಅಂತ. "ಕ್ಯಾಕ್ಟಸ್ ಕತ್ತರಿಸುತ್ತಿದ್ದೆ" ಅಂದೆ. ಅವರು ರೆಪ್ಪೆ ಮಡಚಿ ಮಡಚಿ ಮುಳ್ಳು ಹುಡುಕಿದರು. ಪಾಪ, ಅವರದೇನು ತಪ್ಪು? ಕ್ಯಾಕ್ಟಸ್ ಅಂದರೆ ಯಾರಿಗಾದರೂ ಮುಳ್ಳೇ ನೆನಪಾಗುತ್ತದೆ. ಮುಳ್ಳು ಸಿಗಲಿಲ್ಲ. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ, ಮೇಲ್ಪದರ ಅಗಲಕ್ಕೆ ಕಿತ್ತುಹೋಗಿತ್ತು. ಆಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕತ್ತರಿಸಿದಾಗ ಹಾಲು ಬಂತಾ?"

ಆ ಪ್ರಶ್ನೆಯನ್ನು ಕತ್ತರಿಸಿದ ಕ್ಷಣವೇ ನಾನು ಕೇಳಿಕೊಳ್ಳಬೇಕಿತ್ತು. ಅದು ಕ್ಯಾಕ್ಟಸ್ ಅಲ್ಲವೇ ಅಲ್ಲ. ಯುಫೋರ್ಬಿಯ ಟ್ರೈಗೋನಾ. ಕಳ್ಳಿ.

ಇಲ್ಲೊಂದು ತಮಾಷೆ ಇದೆ. ನಮ್ಮ 'ಕಳ್ಳಿ' ಅನ್ನುವ ಪದ ಮೂಲದಲ್ಲಿ ಈ ಹಾಲಿನ ಗಿಡಗಳದ್ದೇ. ಎಲೆಗಳ್ಳಿ, ಬೊಂತೆಗಳ್ಳಿ ಎಲ್ಲ ಯುಫೋರ್ಬಿಯಗಳು. ಕ್ಯಾಕ್ಟಸ್‌ಗಳ ತವರು ಅಮೆರಿಕ ಖಂಡಗಳು. ಪಾಪಾಸುಕಳ್ಳಿ ಕಡಲು ದಾಟಿ ಬಂದು ನಮ್ಮ ಕಳ್ಳಿಯ ಹೆಸರನ್ನು ಹಂಚಿಕೊಂಡಿತು, ಅಷ್ಟೇ. ಬೊಂತೆಗಳ್ಳಿಗೆ 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಲ್ಯಾಟಿನ್ ಹೆಸರಲ್ಲೇ ಕಳ್ಳಿ ಇದೆ: ಯುಫೋರ್ಬಿಯ ಟಿರುಕಳ್ಳಿ. ಅದು ಮಲಯಾಳಂನಿಂದ ಹೋದ ಪದ. ಈಗ ಅದೇ ಗಿಡವನ್ನು 'ಪೆನ್ಸಿಲ್ ಕ್ಯಾಕ್ಟಸ್' ಅಂತ ಮಾರುತ್ತಾರೆ. ಕಳ್ಳಿ ಹಾಲು ಕಣ್ಣಿಗೆ ಆಗದು ಅಂತ ಕೇಳಿ ಬೆಳೆದವನೇ ನಾನು. ಚೀಟಿಯಲ್ಲಿ 'ಕಳ್ಳಿ' ಅಂತ ಬರೆದಿದ್ದರೆ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ.

ಎರಡೂ ಒಂದೇ ಥರ ಕಾಣುವುದಕ್ಕೆ ಕಾರಣ ಇದೆ. ಒಣ ನೆಲದಲ್ಲಿ ಬದುಕಬೇಕು, ನೀರು ಕೂಡಿಡಬೇಕು, ಮೇಯುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳಬೇಕು. ಅಮೆರಿಕದಲ್ಲಿ ಕ್ಯಾಕ್ಟಸ್, ಆಫ್ರಿಕದಲ್ಲಿ ಯುಫೋರ್ಬಿಯ, ಎರಡೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ರೂಪಕ್ಕೆ ಬಂದು ನಿಂತಿವೆ. ನಂಟಸ್ತಿಕೆ ದೂರದ್ದು. ಯುಫೋರ್ಬಿಯದಲ್ಲಿ ಸುಮಾರು 2,000 ಜಾತಿಗಳಿವೆ. ಹಾಲಿನ ಖಾರ ಎಲ್ಲದರಲ್ಲೂ ಒಂದೇ ಸಮ ಇಲ್ಲ. ಮೊರಾಕೊದ ಯುಫೋರ್ಬಿಯ ರೆಸಿನಿಫೆರಾದ ಹಾಲಿನಲ್ಲಿ ರೆಸಿನಿಫೆರಾಟಾಕ್ಸಿನ್ ಅನ್ನುವ ವಸ್ತು ಇದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಇದರ ಮುಂದೆ ಏನೂ ಅಲ್ಲ, ಇದು ಸುಮಾರು 1,000 ಪಟ್ಟು ಖಾರ. ನನ್ನ ಗಿಡದ್ದು ಅಷ್ಟು ಘೋರವಲ್ಲ. ಆದರೂ ಕಣ್ಣಿಗೆ ಸಾಕಾಯಿತು.

ಕತ್ತರಿಸದೆಯೇ ಗುರುತಿಸುವುದು ಹೇಗೆ? ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಒಂದು ಪುಟ್ಟ ಮೆತ್ತೆಯಂಥ ಚುಕ್ಕೆಯಿಂದ ಹುಟ್ಟುತ್ತವೆ. ಆ ಚುಕ್ಕೆಗೆ ಏರಿಯೋಲ್ ಅಂತ ಹೆಸರು. ಹತ್ತಿರದಿಂದ ನೋಡಿದರೆ ಉಣ್ಣೆಯಂಥ ರೋಮ ಕಾಣುತ್ತದೆ. ಎಲ್ಲಾ ಕ್ಯಾಕ್ಟಸ್‌ಗಳಲ್ಲೂ ಇದು ಇದ್ದೇ ಇರುತ್ತದೆ. ಯುಫೋರ್ಬಿಯದಲ್ಲಿ ಈ ಮೆತ್ತೆ ಇಲ್ಲ. ಮುಳ್ಳು ಕಾಂಡದಿಂದಲೇ ಹೊರಡುತ್ತದೆ, ಕಂಬದಂಥ ಜಾತಿಗಳಲ್ಲಿ ಸಾಮಾನ್ಯವಾಗಿ ಜೋಡಿ ಜೋಡಿಯಾಗಿ, ಪುಟ್ಟ ಕೊಂಬಿನ ಹಾಗೆ. ಅನುಮಾನ ಇದ್ದರೆ ಗ್ಲೌಸ್ ಹಾಕಿಕೊಂಡು ಸೂಜಿಯಿಂದ ಒಂದು ಕಡೆ ಸಣ್ಣಗೆ ಚುಚ್ಚಿ. ಹಾಲು ಬಂದರೆ ಕಳ್ಳಿ ಅಂತಲೇ ತಿಳಿದುಕೊಳ್ಳಿ. ನಿಜವಾದ ಕ್ಯಾಕ್ಟಸ್‌ಗಳಲ್ಲೂ ಮ್ಯಾಮಿಲೇರಿಯಾ ಅನ್ನುವ ಗುಂಪಿನ ಕೆಲವಕ್ಕೆ ಹಾಲು ಬರುತ್ತದೆ, ಆದರೆ ಜಾಸ್ತಿ ಎಚ್ಚರ ವಹಿಸಿ ಯಾರೂ ಕೆಟ್ಟಿಲ್ಲ.

ಹೆಸರನ್ನು ಮಾತ್ರ ನಂಬಬೇಡಿ. ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿರುವ 'ಕೋರಲ್ ಕ್ಯಾಕ್ಟಸ್' ಇದೆಯಲ್ಲ, ಅದು ಒಂದು ಯುಫೋರ್ಬಿಯಕ್ಕೆ ಇನ್ನೊಂದು ಯುಫೋರ್ಬಿಯ ಕಸಿ ಮಾಡಿದ್ದು. ಅದರಲ್ಲಿ ಕ್ಯಾಕ್ಟಸ್ ಚೂರೂ ಇಲ್ಲ.

ಈಗ ಕಣ್ಣಿನ ಮಾತು. ಹಾಲು ಕಣ್ಣಿಗೆ ಹೋಯಿತು ಅನ್ನುವ ಅನುಮಾನ ಬಂದರೂ ಸಾಕು, ಉರಿ ಶುರುವಾಗಲಿ ಅಂತ ಕಾಯಬೇಡಿ. ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಇಲ್ಲದಿದ್ದರೆ ರೆಪ್ಪೆ ಬಿಡಿಸುವ ಬೆರಳೇ ಇನ್ನಷ್ಟು ಹಾಲು ಹಚ್ಚುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಆಮೇಲೆ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಲ್ಲಿ 15–20 ನಿಮಿಷ ತೊಳೆಯಿರಿ. ನನ್ನ ಹಾಗೆ ಎರಡು ಸಲ ಚಿಮುಕಿಸಿ ಬಿಡಬೇಡಿ. ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಗಿಡದ ಫೋಟೋ ತೋರಿಸಿ, 'ಹಾಲು ಬಿದ್ದಿದೆ' ಅಂತ ಮೊದಲ ಮಾತಲ್ಲೇ ಹೇಳಿ. ಮನೆಯಲ್ಲಿ ಉಳಿದ ಡ್ರಾಪ್ಸ್ ಬೇಡವೇ ಬೇಡ. ನಾನು ಎಲ್ಲಕ್ಕಿಂತ ಜಾಸ್ತಿ ಬೈಸಿಕೊಂಡಿದ್ದು ಅದಕ್ಕೇ. ಕೆಲವು ಡ್ರಾಪ್ಸ್‌ನಲ್ಲಿ ಸ್ಟೆರಾಯ್ಡ್ ಇರುತ್ತದೆ. ಗಾಯವಾದ ಕಾರ್ನಿಯಾಕ್ಕೆ ಅದನ್ನು ಹಾಕಬೇಕೋ ಬೇಡವೋ, ಯಾವಾಗ ಹಾಕಬೇಕು ಅನ್ನುವುದನ್ನು ಕಣ್ಣು ನೋಡಿದವರೇ ಹೇಳಬೇಕು. ನನಗೆ ಆಂಟಿಬಯೋಟಿಕ್ ಹನಿ, ನೋವಿಗೆ ಪಾಪೆ ಅಗಲಿಸುವ ಹನಿ ಕೊಟ್ಟರು. ಮೂರನೇ ದಿನ ನೋವು ಕಮ್ಮಿಯಾಯಿತು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಸರಿಯಾಗಿ ಚಿಕಿತ್ಸೆ ಸಿಗದೆ ಸೋಂಕಾಗಿ, ಕಾರ್ನಿಯಾದಲ್ಲಿ ಕಲೆ ಉಳಿದು, ದೃಷ್ಟಿಯೇ ಹೋಗಬಹುದು.

ಕತ್ತರಿಸಲೇಬೇಕಾದರೆ ಕತ್ತರಿಸಿ, ಕಳ್ಳಿ ಬೆಳೆಸಬೇಡಿ ಅಂತ ನಾನು ಹೇಳುತ್ತಿಲ್ಲ. ಮೂಗಿನ ಮೇಲೆ ಕೂರುವ ಮಾಮೂಲಿ ಕನ್ನಡಕಕ್ಕಿಂತ ಪಕ್ಕವೂ ಮುಚ್ಚುವ ಗಾಗಲ್ಸ್ ಒಳ್ಳೆಯದು. ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ. ಗಿಡ ನಿಮ್ಮ ಮುಖಕ್ಕಿಂತ ಕೆಳಗಿರಲಿ, ಎತ್ತರದ ಕೊಂಬೆ ಕತ್ತರಿಸಿದರೆ ಹಾಲು ನೇರ ಮುಖದ ಮೇಲೇ ಬೀಳುತ್ತದೆ. ಕತ್ತರಿಸಿದ ಕಡೆ ನೀರು ಸಿಂಪಡಿಸಿದರೆ ಹಾಲು ಹೆಪ್ಪುಗಟ್ಟಿ ನಿಲ್ಲುತ್ತದೆ. ತುಂಡನ್ನು ನೆರಳಲ್ಲಿ ಒಂದೆರಡು ವಾರ ಒಣಗಲು ಬಿಡಿ, ಗಾಯ ಗಟ್ಟಿಯಾದ ಮೇಲೆ ಮರಳು-ಜಲ್ಲಿ ಜಾಸ್ತಿ ಇರುವ ಮಣ್ಣಲ್ಲಿ ನೆಡಿ. ಮಕ್ಕಳು, ನಾಯಿ, ಬೆಕ್ಕು ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ. ನೆಲಕ್ಕೆ ಬಿದ್ದ ಹನಿ ಒಣಗಿದೆ ಅಂತ ಬಿಡಬೇಡಿ, ಒಣಗಿದ ಹಾಲಿನಿಂದಲೂ ಉರಿ ಬರುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದೇ ಕಣ್ಣಲ್ಲಿ ಉಳಿದ ಗಿಡಗಳನ್ನೆಲ್ಲ ಲೆನ್ಸ್ ಹಿಡಿದು ನೋಡಿದೆ. ಹನ್ನೊಂದು 'ಕ್ಯಾಕ್ಟಸ್'ಗಳಲ್ಲಿ ಮೂರು ಕಳ್ಳಿ. ಚೀಟಿಗಳನ್ನು ಕಿತ್ತು ದಪ್ಪ ಅಕ್ಷರದಲ್ಲಿ 'ಕಳ್ಳಿ, ಹಾಲಿದೆ' ಅಂತ ಬರೆದು ಚುಚ್ಚಿದ್ದೇನೆ. ಅವತ್ತು ಕತ್ತರಿಸಿದ ತುಂಡು ಬೇರು ಬಿಟ್ಟು ಚೆನ್ನಾಗಿ ಬೆಳೆಯುತ್ತಿದೆ, ಈ ಸಲ ಬೆಳಕಿರುವ ಕಿಟಕಿಯಲ್ಲಿ. ಚಾಕು ಮಾತ್ರ ಅಡುಗೆಮನೆಗೆ ವಾಪಸ್ ಹೋಗಿಲ್ಲ.