ಮಂಡ್ಯದ ಕೆರೆಗೂ ಜಾರ್ಜಿಯಾದ ಹೊಳೆಗೂ ಒಂದೇ ರಾಡ್

ಮಗಳು ಇರುವುದು ಅಮೆರಿಕದ ಜಾರ್ಜಿಯಾದಲ್ಲಿ. ಮನೆಯಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಬ್ಯೂಫರ್ಡ್ ಅಣೆಕಟ್ಟು. ಮೇಲೆ ಲೇನಿಯರ್ ಎಂಬ ದೊಡ್ಡ ಹಿನ್ನೀರು, ಅದರಲ್ಲಿ ಬಾಸ್ ಮೀನು. ಕೆಳಗೆ ಚಾಟಹೂಚಿ ಹೊಳೆ, ಅದರಲ್ಲಿ ಟ್ರೌಟ್. ಟ್ರೌಟ್‌ಗೆ ತಣ್ಣನೆ ನೀರೇ ಬೇಕು. ಡ್ಯಾಮಿನ ಆಳದಿಂದ ನೀರು ಬಿಡುವುದರಿಂದ ಬಿರುಬೇಸಿಗೆಯಲ್ಲೂ ಹೊಳೆಗೆ ಕಾಲಿಟ್ಟರೆ ಕೊರೆಯುತ್ತದೆ. ಕೆಆರ್‌ಎಸ್ ನೋಡಿಕೊಂಡು ಬೆಳೆದ ನನಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಎರಡು ಜಾತಿ ಮೀನಿಗೆ ಎರಡು ಗಾಳದ ರಾಡ್ ಹೊತ್ತುಕೊಂಡು ಮಂಡ್ಯದಿಂದ ವಿಮಾನ ಹತ್ತಲು ಆಗುತ್ತದೆಯೇ? ಒಂದರಲ್ಲೇ ಎರಡೂ ಆಗಬೇಕು, ವಾಪಸ್ ಬಂದ ಮೇಲೆ ನಮ್ಮೂರ ಕೆರೆಗೂ ಬೇಕು. ಹಾಗೆ ಹುಡುಕಿ ಕೊಂಡ ಸೆಟ್ಟಿನ ಕಥೆ ಇದು.

ಮೊದಲ ಸಲ ಮೋಸ ಹೋದೆ. ಮೈಸೂರಿನ ಒಂದು ಅಂಗಡಿಯಲ್ಲಿ ಒಳಗೊಳಗೇ ಮಡಚಿಕೊಳ್ಳುವ ಟೆಲಿಸ್ಕೋಪಿಕ್ ರಾಡ್ ತೋರಿಸಿದ ಹುಡುಗ, "ಸಾರ್, ಇದ್ರಲ್ಲಿ ಮೊಸಳೆನೂ ಎಳೀಬೋದು" ಅಂದ. 1,200 ರೂಪಾಯಿ ಕೊಟ್ಟೆ. ಮೂರನೇ ದಿನ ಕೆರೆಯಲ್ಲಿ ಅಂಗೈ ಅಗಲದ ಜಿಲೇಬಿ ಮೀನು ಎಳೆಯುವಾಗ ತುದಿಯ ತುಂಡು ಕಳಚಿ ದಾರದ ಜೊತೆಗೇ ನೀರಿಗೆ ಹೋಯಿತು. ಮೊಸಳೆಯ ಮಾತು ಹಾಗಿರಲಿ.

ಎರಡನೆಯದನ್ನು ಹಿಡಿಯ ಮೇಲೆ ಬರೆದಿದ್ದನ್ನು ಕನ್ನಡಕ ಹಾಕಿಕೊಂಡು ಓದಿಯೇ ಕೊಂಡೆ. ಆರೂವರೆ ಅಡಿ, ಎರಡು ತುಂಡು, ಮೀಡಿಯಂ ಲೈಟ್ (ಮಧ್ಯಮಕ್ಕಿಂತ ತುಸು ಹಗುರ), ಫಾಸ್ಟ್ ಆಕ್ಷನ್ (ತುದಿಯಷ್ಟೇ ಬಾಗುವಂಥದ್ದು). ಎಸೆಯುವ ತೂಕ 3ರಿಂದ 12 ಗ್ರಾಂ, ದಾರ 4ರಿಂದ 10 ಪೌಂಡ್ ತಾಳುವಂಥದ್ದು. ರಾಡ್ 2,800, ರೀಲ್ 2,600. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂದು ನೋಡದೆ ಕೈ ಹಾಕಿದವನಲ್ಲ. ಗಾಳದ ವಿಷಯದಲ್ಲಿ ಮಾತ್ರ ಅದನ್ನು ಮರೆತಿದ್ದೆ.

ಮೀನಿನ ಗಾತ್ರಕ್ಕಿಂತ ಅದರ ಬಾಯಿ ನೋಡಿ ರಾಡ್ ಆರಿಸಬೇಕು. ಟ್ರೌಟ್ ಬಾಯಿ ಮೆದು. ಗಟ್ಟಿ ರಾಡಿನಲ್ಲಿ ಜಗ್ಗಿದರೆ ಸಣ್ಣ ಕೊಕ್ಕೆ ಚರ್ಮ ಹರಿದುಕೊಂಡು ಬಂದುಬಿಡುತ್ತದೆ. ಬಾಸ್ ಬಾಯಿ ಗಡಸು, ಕೊಕ್ಕೆ ನಾಟಬೇಕಾದರೆ ಕೈಯಲ್ಲಿ ಸ್ವಲ್ಪ ಬಲ ಬೇಕು. ಈ ರಾಡಿನ ತುದಿ ಮಾತ್ರ ಬಾಗುತ್ತದೆ, ನಡು ಬಿಗಿಯಾಗಿ ನಿಲ್ಲುತ್ತದೆ. ಟ್ರೌಟ್ ಒದ್ದಾಡಿದರೆ ತುದಿ ತಡೆದುಕೊಳ್ಳುತ್ತದೆ, ಬಾಸ್ ಕಚ್ಚಿದರೆ ನಡು ಕೆಲಸ ಮಾಡುತ್ತದೆ. ಬರೀ ಲೈಟ್ ತೆಗೆದುಕೊಂಡಿದ್ದರೆ ಬಾಸ್‌ಗೆ ಸಾಲುತ್ತಿರಲಿಲ್ಲ. ಮೀಡಿಯಂ ಆಗಿದ್ದರೆ 3 ಗ್ರಾಂ ಲೂರ್ (ಕೃತಕ ಎರೆ) ಎಸೆದಾಗ ಕಾಲಬುಡದಲ್ಲೇ ಬೀಳುತ್ತಿತ್ತು.

ರೀಲ್ 2500 ಸೈಜು. ಅದಕ್ಕೆ 10 ಪೌಂಡಿನ ಬ್ರೇಡ್ (ಹೆಣೆದ) ದಾರ, ತುದಿಗೆ ಒಂದು ಮಾರು ಫ್ಲೋರೋಕಾರ್ಬನ್ ಎಂಬ ಪಾರದರ್ಶಕ ದಾರ. ಹೊಳೆಯಲ್ಲಿ 6 ಪೌಂಡಿನದು, ಹಿನ್ನೀರಿನಲ್ಲಿ 8. ಬ್ರೇಡ್ ನೀರಿನಲ್ಲಿ ಎದ್ದು ಕಾಣುತ್ತದೆ, ಫ್ಲೋರೋಕಾರ್ಬನ್ ಅಷ್ಟಾಗಿ ಕಾಣುವುದಿಲ್ಲ. ತಿಳಿನೀರಿನ ಟ್ರೌಟ್ ಮುಂದೆ ಈ ಉಪಾಯ ಬೇಕೇ ಬೇಕು.

ಲೂರ್ ಡಬ್ಬಿ ತುಂಬಿಸುವ ಚಟಕ್ಕೆ ಬೀಳಬೇಡಿ. ನಾನು ಒಯ್ದಿದ್ದು ಮೂರೇ ತರ. ಮೊದಲನೆಯದು ಮೆಪ್ಸ್ ಆಗ್ಲಿಯಾ, 2ನೇ ನಂಬರ್. ಫ್ರಾನ್ಸಿನ ಹಳೇ ಸ್ಪಿನ್ನರ್. ತೂಕ ಐದು ಗ್ರಾಂ ಹತ್ತಿರ, ಎಳೆದಾಗ ಹಿತ್ತಾಳೆ ಎಲೆ ಗಿರಗಿರ ತಿರುಗುತ್ತದೆ. ಟ್ರೌಟ್, ಬಾಸ್, ನಮ್ಮ ಕೆರೆಯ ಜಿಲೇಬಿ, ಮೂರೂ ಇದಕ್ಕೆ ಬಿದ್ದವು. ಒಂದು ತೊಂದರೆ ಇದೆ. ಎಲೆಯ ಜೊತೆ ದಾರವೂ ಹುರಿಗೊಳ್ಳುತ್ತದೆ. ಮೊದಲ ದಿನ ಅರ್ಧ ರೀಲು ದಾರ ಸಿಕ್ಕಾಗಿ, ಹೊಳೆ ದಂಡೆಯಲ್ಲಿ ಕೂತು ಬಿಡಿಸಿದ್ದೇ ಬಿಡಿಸಿದ್ದು. ಆಮೇಲೆ ಬಾಲ್ ಬೇರಿಂಗ್ ಸ್ವಿವೆಲ್ (ತಾನೇ ತಿರುಗುವ ಕೊಂಡಿ) ಹಾಕಿದೆ, ಸರಿಹೋಯಿತು.

ಎರಡನೆಯದು ರಪಾಲಾ ಕೌಂಟ್‌ಡೌನ್, 5 ಸೆಂಟಿಮೀಟರಿನದು. ನೋಡಲು ಪುಟ್ಟ ಮೀನು. ಸೆಕೆಂಡಿಗೆ ಸುಮಾರು ಒಂದು ಅಡಿ ಮುಳುಗುತ್ತದೆ, ಹಾಗಾಗಿ ಎಣಿಸಿಕೊಂಡು ಎಳೆಯಬೇಕು. ಮೊಮ್ಮಗನಿಗೆ ಎಣಿಸುವ ಕೆಲಸ ಕೊಟ್ಟೆ. ಹತ್ತರವರೆಗೆ ಕನ್ನಡದಲ್ಲಿ ಎಣಿಸಲು ಕಲಿತಿದ್ದು ಹಾಗೆ. "ನಾಲ್ಕು ತಾತ!" ಅಂದಾಗ ಎಳೆದರೆ ಹನ್ನೆರಡು ಇಂಚಿನ ರೇನ್‌ಬೋ ಟ್ರೌಟ್.

ಮೂರನೆಯದು ಅಣಬೆ ತಲೆಯ ಜಿಗ್‌ಗೆ, ಅಂದರೆ ತಲೆ ಭಾರದ ಕೊಕ್ಕೆಗೆ, ಸಿಕ್ಕಿಸುವ ಮೂರಿಂಚಿನ ಮೆತ್ತನೆ ರಬ್ಬರ್ ಹುಳ. ನೆಡ್ ರಿಗ್ ಅನ್ನುತ್ತಾರೆ. ತಳಕ್ಕೆ ಬಿಟ್ಟು ನಿಧಾನ ಎಳೆದರೆ ಲೇನಿಯರ್‌ನ ಸ್ಪಾಟೆಡ್ ಬಾಸ್ ಬಿಡುವುದೇ ಇಲ್ಲ. ಒಂದೂವರೆ ಕೆಜಿಯದು ಬಂತು. ರಾಡ್ ಒದ್ದಾಡಿತು, ಆದರೆ ಸೋಲಲಿಲ್ಲ.

ಅಲ್ಲಿ ಮೀನು ಹಿಡಿಯುವ ಲೈಸೆನ್ಸ್ ಸಾಲದು, ಟ್ರೌಟ್‌ಗೆ ಬೇರೆ ಲೈಸೆನ್ಸ್ ಬೇಕು. ಚಾಟಹೂಚಿಯಲ್ಲಿ ಹೈವೇ 20ರ ಸೇತುವೆಯಿಂದ ಕೆಳಗೆ ಮೆಡ್ಲಾಕ್ ಬ್ರಿಡ್ಜ್‌ವರೆಗೆ ಎರೆಹುಳ ನಡೆಯುವುದಿಲ್ಲ, ಕೃತಕ ಲೂರ್ ಮಾತ್ರ. ಡ್ಯಾಮಿನ ಸೈರನ್ ಕೇಳಿಸಿದರೆ ಮೀನಿನ ಆಸೆ ಬಿಟ್ಟು ದಡ ಹತ್ತಿ.

ಊರಿಗೆ ಬಂದ ಮೇಲೆ ಇದೇ ರಾಡ್ ಮಾನ ಕಳೆಯಿತು. ಅಂತರಗಂಗೆ ತುಂಬಿದ ಕೆರೆಯಲ್ಲಿ ಕೊರಮೀನಿಗೆ ಅಂತ ರಬ್ಬರ್ ಕಪ್ಪೆ ಎಸೆದೆ. ಕಪ್ಪೆ 15 ಗ್ರಾಂ, ಹಿಡಿಯ ಮೇಲೆ ಬರೆದಿದ್ದು 12. ಗೊತ್ತಿದ್ದೂ ಮಾಡಿದೆ. ಮೀನು ಕಚ್ಚಿತು, ಬೇರಿನೊಳಗೆ ನುಗ್ಗಿತು, ನಾನು ಎಳೆದಷ್ಟೂ ರಾಡ್ ಬಿಲ್ಲಾಯಿತೇ ಹೊರತು ಮೀನು ಅಲುಗಲಿಲ್ಲ. ಕಪ್ಪೆಯೂ ಹೋಯಿತು. ಅಂಥ ಜಾಗಕ್ಕೆ ಮೀಡಿಯಂ ಹೆವಿ ರಾಡ್, 40 ಪೌಂಡಿನ ಬ್ರೇಡ್ ಬೇಕು. ಈ ಸೆಟ್ಟನ್ನು ಬೈಯುವುದು ನ್ಯಾಯವಲ್ಲ.

ಕಾವೇರಿ ಮಹಸೀರ್‌ಗೆ ಆಗುತ್ತದೆಯೇ ಎಂದು ಇಬ್ಬರು ಗೆಳೆಯರು ಕೇಳಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದ ಕಥೆ ಇನ್ನೂ ಎಲ್ಲರ ಬಾಯಲ್ಲಿದೆ. ಆ ಡುಬ್ಬದ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದರ ತಂಟೆಗೆ ಹೋಗಬೇಡಿ ಅಂದೆ.

ಒಂದೇ ಒಂದು ತಕರಾರು: ಎರಡು ತುಂಡು ಮಾಡಿದರೂ ಒಂದೊಂದು ಮೂರಡಿ ದಾಟುತ್ತದೆ, ಸೂಟ್‌ಕೇಸಿನಲ್ಲಿ ಕೂರುವುದಿಲ್ಲ. ಮೂರಿಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿ ಬೇರೆ ಲಗೇಜ್ ಮಾಡಿ ಒಯ್ದೆ. ಅಳಿಯ ಏರ್‌ಪೋರ್ಟಿನಲ್ಲಿ ನೋಡಿ, "ಏನ್ ಮಾವ, ಬೋರ್‌ವೆಲ್ ಹಾಕ್ಸಕ್ ಬಂದ್ರಾ?" ಅಂದರು. ನೀವು ಕೊಳ್ಳುವುದಾದರೆ ಇದೇ ಅಳತೆಯಲ್ಲಿ ನಾಲ್ಕು ತುಂಡಿನ ರಾಡ್ ಕೇಳಿ.