ಹವಳದ ತೊಟ್ಟಿಗೆ ಸುಣ್ಣದ ತಿಳಿ: ಕುಂಬಳೆಯಲ್ಲಿ ಡೋಸಿಂಗ್ ಪಂಪಿನ ದೀರ್ಘಕಾಲದ ಬಳಕೆ

ಕುಂಬಳೆಯ ನಮ್ಮ ಮನೆಯ 200 ಲೀಟರಿನ ಸಮುದ್ರನೀರಿನ ತೊಟ್ಟಿಗೆ ಸುಣ್ಣದ ತಿಳಿಯನ್ನು (ಸುಣ್ಣ ಕರಗಿಸಿದ ನೀರಿನ ತಿಳಿಭಾಗವನ್ನು) ಹನಿಹನಿಯಾಗಿ ಸೇರಿಸುವ ವ್ಯವಸ್ಥೆಯನ್ನು ಅಳವಡಿಸಿಕೊಂಡ ಮೇಲೆ ಹಲವು ಮಳೆಗಾಲಗಳು ಕಳೆದಿವೆ. ಬಿಗಿಯಾದ ಮುಚ್ಚಳದ 20 ಲೀಟರಿನ ಕ್ಯಾನು, ಗಂಟೆಗೆ ಇಂತಿಷ್ಟೇ ಮಿಲಿಲೀಟರ್ ಎಂದು ನಿಗದಿಪಡಿಸಬಹುದಾದ ಪೆರಿಸ್ಟಾಲ್ಟಿಕ್ ಪಂಪು (ರೋಲರುಗಳಿಂದ ಕೊಳವೆಯನ್ನು ಒತ್ತಿ ದ್ರವವನ್ನು ತಳ್ಳುವಂಥದ್ದು), ಸಿಲಿಕೋನ್ ಕೊಳವೆ ಮತ್ತು ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ, ಇಷ್ಟೇ ಇದರ ಸಾಮಗ್ರಿ. ಈ ವ್ಯವಸ್ಥೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಆದರೆ ಕರಾವಳಿಯಲ್ಲಿ ಇದನ್ನು ಕೊಳ್ಳಲು ಹೊರಟವರು ಪಂಪಿನ ಬೆಲೆ ವಿಚಾರಿಸುವುದಕ್ಕೆ ಮೊದಲು ತಮ್ಮ ತೊಟ್ಟಿಯಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ ಎಂಬುದನ್ನು ಏಪ್ರಿಲ್‌ನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಅಳೆದು ನೋಡಬೇಕು.

ನಮ್ಮ ತೊಟ್ಟಿಯಲ್ಲಿ ಕಲ್ಲುಹವಳಗಳಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅವು ಸೇರಿವೆ, ಸಮುದ್ರದಿಂದ ಕಿತ್ತು ತಂದ ಒಂದು ತುಂಡನ್ನೂ ಮನೆಯೊಳಗೆ ಇಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಇರುವುದು ಕಲ್ಲಿನಂಥ ಗೂಡು ಕಟ್ಟದ ತೊಗಲು ಹವಳ, ಮಶ್ರೂಮ್ ಹವಳ ಮತ್ತು ಝೋಆಂಥಿಡ್‌ಗಳು. ಮೆದು ಹವಳಗಳಿಗೆ ಸುಣ್ಣವೇಕೆ ಎಂದು ಕೇಳುವವರಿದ್ದಾರೆ. ತೊಗಲು ಹವಳದ ಮೈಯೊಳಗೂ ಸುಣ್ಣದ ಸೂಕ್ಷ್ಮ ಕಡ್ಡಿಗಳಿರುತ್ತವೆ. ಅದಕ್ಕಿಂತ ಹೆಚ್ಚಾಗಿ, ಬಂಡೆಗಳ ಮೇಲೆ ನೇರಳೆ ಬಣ್ಣದಲ್ಲಿ ಹಬ್ಬುವ ಕೋರಲೈನ್ ಪಾಚಿಯು ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ನೀರಿನ ಗುಣ) ಪ್ರತಿದಿನವೂ ಎಳೆದುಕೊಳ್ಳುತ್ತದೆ. ಸುಣ್ಣದ ತಿಳಿಯ ದೊಡ್ಡ ಗುಣವೆಂದರೆ, ಈ ಜೀವಿಗಳು ಎರಡನ್ನೂ ಯಾವ ಪ್ರಮಾಣದಲ್ಲಿ ಬಳಸುತ್ತವೆಯೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಅದು ಎರಡನ್ನೂ ಹಿಂತಿರುಗಿಸುತ್ತದೆ. ಹೀಗಾಗಿ ಒಂದು ಏರಿ ಇನ್ನೊಂದು ಇಳಿಯುವ ತೊಡಕು ಬರುವುದಿಲ್ಲ. ಪೂರ್ಣವಾಗಿ ಕರಗಿದ ತಿಳಿಯ ಒಂದು ಲೀಟರ್ ನಮ್ಮ ತೊಟ್ಟಿಯ ಕ್ಷಾರತೆಯನ್ನು, ಅದರ ಮಾನವಾದ ಡಿಕೆಎಚ್ ಲೆಕ್ಕದಲ್ಲಿ, ಅರ್ಧ ಡಿಕೆಎಚ್‌ಗಿಂತ ತುಸು ಹೆಚ್ಚು, ಕ್ಯಾಲ್ಸಿಯಂ ಅನ್ನು ಸುಮಾರು 4 ಪಿಪಿಎಂ (ದಶಲಕ್ಷದಲ್ಲಿ 4 ಭಾಗ) ಏರಿಸುತ್ತದೆ.

ತೊಡಕಿರುವುದು ಬೇರೆಡೆ. ತಿಳಿಯೂ ನೀರೇ ಆದ್ದರಿಂದ ಆವಿಯಾದಷ್ಟನ್ನೇ ಮರಳಿ ತುಂಬಬಹುದು, ಅದಕ್ಕಿಂತ ಹೆಚ್ಚು ಸುರಿದರೆ ಉಪ್ಪಿನಂಶ ತೆಳುವಾಗುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಫ್ಯಾನು ತಿರುಗುತ್ತಿರುವಾಗ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ನೀರು ಆರಿಹೋಗುವುದರಿಂದ ಬೇಕಾದ ಸುಣ್ಣವೆಲ್ಲ ಸಲೀಸಾಗಿ ಒಳಸೇರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಗಾಳಿಯೇ ತೇವದಿಂದ ತುಂಬಿರುತ್ತದೆ, ಆವಿಯಾಗುವಿಕೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಅದೇ ಸಮಯದಲ್ಲಿ ಎರಚಲು ಬಾರದಂತೆ ಕಿಟಕಿಗಳನ್ನು ಮುಚ್ಚುವುದರಿಂದ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ತೊಟ್ಟಿಯ ಪಿಎಚ್ ಬೆಳಗಿನ ಹೊತ್ತಿಗೆ 7.9ರ ಆಸುಪಾಸಿಗೆ ಬರುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಎತ್ತುವ ಸುಣ್ಣದ ತಿಳಿ ಹೆಚ್ಚು ಬೇಕಾಗುವುದು ಮಳೆಗಾಲದ ಈ ದಿನಗಳಲ್ಲೇ, ಹಾಕಲು ಅವಕಾಶ ಕಡಿಮೆಯಾಗುವುದೂ ಈ ದಿನಗಳಲ್ಲೇ. ಆದ್ದರಿಂದ ಮಳೆಗಾಲದಲ್ಲಿ ಇಡೀ ದಿನದ ಪಾಲನ್ನು ದೀಪ ಆರಿದ ಮೇಲಿನ ರಾತ್ರಿಯ ಗಂಟೆಗಳಿಗೆ ಹಂಚಿ, ಉಳಿದ ಕೊರತೆಯನ್ನು ಅಡುಗೆ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್‌ನ ಬೇರೆಬೇರೆ ದ್ರಾವಣಗಳಿಂದ ತುಂಬಿಸುತ್ತೇನೆ. ಸುಣ್ಣವೊಂದರಿಂದಲೇ ವರ್ಷಪೂರ್ತಿ ಸಾಗಿಸಬೇಕೆಂಬ ಹಟ ನಮ್ಮ ಊರಿನ ಹವೆಗೆ ಹೊಂದುವುದಿಲ್ಲ.

ಪಂಪನ್ನು ಆರಿಸುವಾಗ ನಾನು ಗಟ್ಟಿಯಾಗಿ ನಿಂತದ್ದು ಒಂದು ವಿಷಯದಲ್ಲಿ. ನೀರಿನ ಮಟ್ಟ ಇಳಿದಾಗ ತಾನಾಗಿ ತುಂಬುವ ಫ್ಲೋಟ್ ಸ್ವಿಚ್ಚಿಗೆ ಸುಣ್ಣದ ಕ್ಯಾನನ್ನು ಜೋಡಿಸಬಾರದು. ತಿಳಿಯ ಪಿಎಚ್ 12.4ರಷ್ಟಿರುತ್ತದೆ, ಸ್ವಿಚ್ಚಿನಲ್ಲಿ ಒಂದು ಬಸವನಹುಳು ಸಿಕ್ಕಿಕೊಂಡರೂ ಕ್ಯಾನಿನ ನೀರೆಲ್ಲ ಒಮ್ಮೆಲೇ ಸುರಿದು, ತೊಟ್ಟಿಯ ನೀರು ಬೆಳ್ಳಗಾಗಿ ಜೀವಿಗಳು ಸಾಯಬಹುದು. ಸಮಯಕ್ಕೆ ಕಟ್ಟುಬಿದ್ದ ಪೆರಿಸ್ಟಾಲ್ಟಿಕ್ ಪಂಪು ಸಾಮಾನ್ಯವಾಗಿ ಆ ಗಂಟೆಯ ಪಾಲನ್ನಷ್ಟೇ ಹಾಕುತ್ತದೆ. ಶುದ್ಧ ನೀರನ್ನು ಮಾತ್ರ ಫ್ಲೋಟ್ ಸ್ವಿಚ್ಚು ನೋಡಿಕೊಳ್ಳಲಿ. ಗುಡುಗುಮಳೆಗೆ ಕರೆಂಟು ಹೋಗಿ ಬಂದರೂ ವೇಳಾಪಟ್ಟಿಯನ್ನು ಮರೆಯದ ಪಂಪು ಬೇಕು. ಈ ಗುಣ ಪೆಟ್ಟಿಗೆಯ ಮೇಲೆ ಬರೆದಿರದಿದ್ದರೆ ಕೇಳಿಯೇ ತಿಳಿಯಬೇಕು.

ಪುಡಿಯ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಸುಣ್ಣವಿಲ್ಲದ ಮನೆಯಿಲ್ಲ. ವೀಳ್ಯದೆಲೆಗೆ ಹಚ್ಚುವ ಚಿಪ್ಪಿನ ಸುಣ್ಣವಾಗಲಿ, ತೋಟಕ್ಕೆ ತಂದ ಸುಣ್ಣವಾಗಲಿ ಇದಕ್ಕೆ ಬೇಡ. ಅವುಗಳಲ್ಲಿ ಏನೇನು ಬೆರೆತಿದೆ, ಎಷ್ಟು ಭಾಗ ಆಗಲೇ ಗಾಳಿಗೆ ಕಾರ್ಬೊನೇಟ್ ಆಗಿದೆ ಎಂದು ಹೇಳುವಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಮನೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕದ ಆ ದ್ರಾವಣದಲ್ಲಿರುವ ತಾಮ್ರ ಹವಳಕ್ಕೂ ಸಿಗಡಿಗೂ ನೇರ ವಿಷ. ಆ ದ್ರಾವಣಕ್ಕೆ ಬಳಸಿದ ಬಕೆಟ್ಟು, ಕೋಲು, ಅಳತೆಯ ಡಬ್ಬಿ ಯಾವುದೂ ತೊಟ್ಟಿಯ ಬಳಿ ಸುಳಿಯಬಾರದು. ನೀರಿನ ವಿಷಯದಲ್ಲೂ ಹಾಗೆಯೇ: ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯಲು ಎಷ್ಟೇ ಸಿಹಿಯಾಗಿರಲಿ, ಆರ್‌ಒ (ಪೊರೆಯ ಮೂಲಕ ಸೋಸುವುದು) ಮತ್ತು ಡಿಐ (ರಾಳದಿಂದ ಉಳಿದ ಲವಣ ತೆಗೆಯುವುದು) ಎರಡನ್ನೂ ದಾಟಿಸಿಯೇ ಬಳಸುತ್ತೇನೆ.

ಕ್ಯಾನು ತುಂಬುವಾಗ ಲೀಟರಿಗೆ 2 ಗ್ರಾಂ ಪುಡಿ ಸಾಕು. ಸುಣ್ಣವು ಬಿಸಿ ನೀರಿಗಿಂತ ತಣ್ಣೀರಿನಲ್ಲೇ ಹೆಚ್ಚು ಕರಗುವುದರಿಂದ, 25 ಡಿಗ್ರಿಯಲ್ಲಿ ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚಷ್ಟೇ ನೀರಿಗಿಳಿಯುತ್ತದೆ, ಮಿಕ್ಕದ್ದು ತಳಕ್ಕೆ ಕೂರುತ್ತದೆ. ಪುಡಿಯ ಕಲ್ಮಶಗಳಲ್ಲಿ ಬಹುಪಾಲು ಆ ಗಸಿಯಲ್ಲೇ ಉಳಿಯುವುದರಿಂದ ಹೀರುವ ಕೊಳವೆಯ ತುದಿಯನ್ನು ತಳದಿಂದ ನಾಲ್ಕು ಬೆರಳು ಮೇಲಿಟ್ಟಿದ್ದೇನೆ. ಮರುದಿನ ಮುಚ್ಚಳ ತೆರೆದರೆ ತಿಳಿಯ ಮೇಲೆ ಹಾಲಿನ ಕೆನೆಯಂಥ ತೆಳು ಪದರವೊಂದು ಕಾಣುತ್ತದೆ, ಉಗುರು ಸೋಕಿದರೆ ಚೂರುಚೂರಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಸುಣ್ಣವು ಕಾರ್ಬೊನೇಟ್ ಆಗಿರುವುದರ ಗುರುತು ಅದು. ಪದರ ಹಾಗೇ ಇದ್ದರೆ ಅಡಿಯ ತಿಳಿ ಕಾಪಾಡಲ್ಪಡುತ್ತದೆ; ಮತ್ತೆಮತ್ತೆ ಕಲಕಿದರೆ ಶಕ್ತಿ ಕುಂದುತ್ತದೆ. ಹನಿ ಬೀಳುವ ತುದಿಯಲ್ಲೂ ಇದೇ ಬಿಳಿ ಹರಳು ಕಟ್ಟಿ, ಬಿಟ್ಟರೆ ದಾರಿ ಪೂರ್ತಿ ಮುಚ್ಚುತ್ತದೆ. ಆ ತುದಿಯನ್ನು ನೀರಿಗೆ ಮುಳುಗಿಸದೆ, ಸಂಪಿನಲ್ಲಿ (ತೊಟ್ಟಿಗೆ ಜೋಡಿಸಿದ ಸೋಸುವ ಪೆಟ್ಟಿಗೆಯಲ್ಲಿ) ಹರಿವು ಜೋರಾಗಿರುವ ಜಾಗದ ಮೇಲೆ ನಿಲ್ಲಿಸಿ, ವಾರಕ್ಕೊಮ್ಮೆ ವಿನೆಗರ್‌ನಲ್ಲಿ ನೆನೆಸಿದರೆ ಸ್ವಚ್ಛವಾಗುತ್ತದೆ. ಪುಡಿ ಎತ್ತುವಾಗ ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳಿರುವ ಮನೆಯಲ್ಲಿ ಕ್ಯಾನಿಗೆ ಬೀಗವಿರಬೇಕು.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಕ್ಷಾರತೆ 8ರಿಂದ 9 ಡಿಕೆಎಚ್ ನಡುವೆ ನಿಂತಿದೆ, ಕ್ಯಾಲ್ಸಿಯಂ 420 ಪಿಪಿಎಂನ ಆಚೀಚೆ ಇದೆ, ಹಿಂದಿನ ಗಾಜನ್ನು ಕೋರಲೈನ್ ಪೂರ್ತಿ ಆವರಿಸಿದೆ. ಮೆಗ್ನೀಸಿಯಂ ಮಾತ್ರ ಸುಣ್ಣದಿಂದ ಬರುವುದಿಲ್ಲ, ಕೋರಲೈನ್ ಅದನ್ನೂ ಬಳಸುವುದರಿಂದ ತಿಂಗಳಿಗೊಮ್ಮೆ ಪರೀಕ್ಷಿಸಿ 1300 ಪಿಪಿಎಂನ ಸುತ್ತ ಉಳಿಸಿಕೊಳ್ಳುತ್ತೇನೆ.

ನನ್ನ ಒಂದೇ ಅಸಮಾಧಾನ ಪಂಪು ಮಾರಿದವರ ಸೇವೆಯ ಬಗ್ಗೆ. ರೋಲರಿನ ಒತ್ತಡಕ್ಕೆ ಪಂಪಿನೊಳಗಿನ ಕೊಳವೆ ಸವೆಯುವುದು ಸಹಜ, ಸವೆದಂತೆ ಹಾಕುವ ಪ್ರಮಾಣವೂ ಇಳಿಯುತ್ತದೆ. ಆದರೆ ಬದಲಿ ಕೊಳವೆಯನ್ನು ಕೇಳಿದಾಗ ಅದು ಕೈಸೇರುವಷ್ಟರಲ್ಲಿ ಒಂದು ಮಳೆಗಾಲದ ಬಹುಭಾಗ ಮುಗಿದಿತ್ತು. ಪಂಪಿನ ಜೊತೆಯಲ್ಲೇ ಎರಡು ಬದಲಿ ಕೊಳವೆಗಳನ್ನು ತರಿಸಿಕೊಳ್ಳಿ, ಮತ್ತು ಅಳತೆಯ ಜಾಡಿಗೆ ಹನಿ ಬೀಳಿಸಿ ಪಂಪಿನ ಲೆಕ್ಕವನ್ನು ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಸರಿಪಡಿಸಿಕೊಳ್ಳಿ.